ಮನೆ ಬಿಚ್ಚುವ ಮುನ್ನ

ಮಟ್ಟುವಿನಲ್ಲಿ ನಮ್ಮ ಮನೆಗೂ ಕಡಲಿಗೂ ನಡುವೆ ಇರುವುದು ಒಂದು ಗುಳ್ಳದ ಗದ್ದೆ, ಒಂದು ರಸ್ತೆ, ಒಂದು ಸಾಲು ತೆಂಗು. ಉಪ್ಪುಗಾಳಿಗೆ ಹೊಸ ಗೇಟಿನ ಕಬ್ಬಿಣ ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು ಉದುರುತ್ತದೆ. ಆದರೆ ಹಿಂದೆ ದನದ ಕೊಟ್ಟಿಗೆಯಾಗಿದ್ದ ನನ್ನ ಕೆಲಸದ ಕೋಣೆಯಲ್ಲಿ ಒಂದು ಹಲಸಿನ ದಾರಂದ ಇದೆ. ಅದಕ್ಕೆ ಒಂದೇ ಒಂದು ಮೊಳೆ ಇಲ್ಲ. ನಾಲ್ಕು ಮೂಲೆಗೂ ಮರದ ಕೂಟ, ಅದನ್ನು ಬಿಗಿದ ಮರದ ಬೆಣೆ. ಇಷ್ಟು ವರ್ಷವಾದರೂ ಅಲುಗಿಲ್ಲ.

ಅದು ನನ್ನ ಅಜ್ಜಿಮನೆಯ ಚಾವಡಿಯದು. ಆ ಮನೆ ಕೆಡವಲು ಜೆಸಿಬಿ ತಂದಿದ್ದರು. ಎರಡು ದಿನದಲ್ಲಿ ಎಲ್ಲ ಮುಗಿಯಿತು. ಮುಚ್ಚಿಗೆಯ ಹಲಗೆಗಳು ಸೀಳಿದವು, ಕಂಬದ ಕೆತ್ತನೆ ಮುರಿಯಿತು. ಗುಜರಿಯವನು ಬಂದು ನೋಡಿ, "ಸೌದೆಗೆ ಆಯಿತು ಅಕ್ಕ, ಬೇರೆ ಯಾವುದಕ್ಕೂ ಇಲ್ಲ" ಎಂದ. ಅಡ್ಡ ನಿಂತು ನಾನು ಉಳಿಸಿಕೊಂಡದ್ದು ಈ ದಾರಂದ, ಏಳು ಪಕ್ಕಾಸು, ಒಂದು ಕಿಟಕಿಯ ದಳಿ. ಆಗ ನನಗೆ ಉಳಿ ಹಿಡಿಯಲೂ ಬರುತ್ತಿರಲಿಲ್ಲ.

ಕೈಹಿಡಿದು ಕಲಿಸಿದವರು ನಮ್ಮೂರಿನ ಹಿರಿಯ ಆಚಾರಿಯೊಬ್ಬರು. ಹಳೆ ಮರದ ಮೇಲೆ ಕೀಸುಳಿ ಇಡುವ ಮೊದಲು ಅಯಸ್ಕಾಂತ ಆಡಿಸಬೇಕು, ಒಳಗೆ ಮುರಿದುಳಿದ ಒಂದು ಮೊಳೆ ಸಾಕು ಅಲಗು ಹಾಳಾಗಲು. ಇದು ಅವರ ಮೊದಲ ಪಾಠ. ಪಕ್ಕಾಸುಗಳ ಮಸಿ ಕೀಸಿದಾಗ ಒಳಗಿನಿಂದ ಕೆಂಗಂದು ಬಣ್ಣ ಬಂತು. ಹೊಸದಾಗಿ ಕೊಯ್ದ ಹಲಸು ಹಳದಿ, ವರ್ಷ ಕಳೆದಂತೆ ಹೀಗೆ ಮಾಗುತ್ತದೆ. ದಶಕಗಟ್ಟಲೆ ಒಣಗಿದ್ದರಿಂದ ಮಳೆಗಾಲದಲ್ಲಿ ಡೊಂಕಾಗುವ ಭಯವೂ ಕಡಿಮೆ.

ಪ್ರತಿ ಪಕ್ಕಾಸಿನಲ್ಲೂ ಒಂದು ತೂತಿತ್ತು. ಮಾಡಿನಲ್ಲಿ ಎಲ್ಲವನ್ನೂ ಪೋಣಿಸಿ ಹಿಡಿಯುತ್ತಿದ್ದ ಕೋಲಿನದು. ಅದನ್ನು ಮರದ ಪುಡಿ ತುಂಬಿ ಮುಚ್ಚಲು ಹೊರಟಿದ್ದೆ. ಆಚಾರಿಯವರು, "ಮುಚ್ಚಬೇಡಿ ಅಮ್ಮ. ಅದರಲ್ಲಿ ಏನು ಹೋಗುತ್ತಿತ್ತೋ ಅದನ್ನೇ ಹಾಕಿ" ಎಂದರು. ಏಳನ್ನೂ ಪಕ್ಕಪಕ್ಕ ಮಲಗಿಸಿ ಅದೇ ತೂತುಗಳಲ್ಲಿ ಹೊಸ ಕೋಲು ಪೋಣಿಸಿದೆವು. ಜಗಲಿಯ ಬೆಂಚು ಸಿದ್ಧವಾಯಿತು. ವಿನ್ಯಾಸ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಅವತ್ತು. ಈಗಲೂ ಹಳೆ ಮರ ಬಂದರೆ ನಕ್ಷೆ ಬಿಡಿಸುವುದಿಲ್ಲ, ಮೊದಲು ಅದರ ಕೂಟಗಳನ್ನು ನೋಡುತ್ತೇನೆ.

ಅವರೇ ನನ್ನನ್ನು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಕರೆದುಕೊಂಡು ಹೋದದ್ದು. ಅದನ್ನು ಕಟ್ಟಿದ ವಿಜಯನಾಥ ಶೆಣೈ ವಾಸ್ತುಶಿಲ್ಪ ಓದಿದವರಲ್ಲ, ಬ್ಯಾಂಕಿನ ನೌಕರರು. ಕೆಡವಿದ ಮನೆಗಳ ಕಂಬ, ಬಾಗಿಲುಗಳನ್ನು ತಂದು ಮೊದಲು ತಾವು ವಾಸಿಸುವ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಸುಮಾರು ಆರು ಎಕರೆಯಲ್ಲಿ ಮತ್ತೆ ನಿಲ್ಲಿಸಿದರು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ್ ಮಹಲ್ ಅಲ್ಲಿದೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಇದೆ. ನಮ್ಮ ಕಾಪು ಕಡೆಯ ಕುಂಜೂರಿನ ಚೌಕಿ ಮನೆಯೂ ಇದೆ, 1816ರದು. ಅದರ ಅಂಗಳದಲ್ಲಿ ನಿಂತು ಅಜ್ಜಿಮನೆ ನೆನೆದು ಅತ್ತುಬಿಟ್ಟೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ದೊಡ್ಡ ಮನೆಗಳು ಇಲ್ಲಿ ಇಷ್ಟೊಂದು ಯಾಕೆ ಬಿದ್ದವು? 1974ರ ಭೂಸುಧಾರಣೆಯ ನಂತರ ಗೇಣಿ ಅಕ್ಕಿ ಬರುವುದು ನಿಂತಿತು, ಮಕ್ಕಳು ಮುಂಬಯಿ ಸೇರಿದರು, ಮಾಡು ಸೋರಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಮನೆ ಕೆಡವುವವರನ್ನೂ ದೂರಲಾರೆ, ಸೋರುವ ಮಾಡಿನ ಕೆಳಗೆ ಬದುಕುವ ಕಷ್ಟ ನನಗೆ ಗೊತ್ತು. ನನ್ನ ಸಂಕಟ ಕೆಡವುವ ರೀತಿಯ ಬಗ್ಗೆ. ಮ್ಯೂಸಿಯಮ್ಮಿಗೆ ಹೋಗುವ ಮನೆ ನೂರಕ್ಕೊಂದೂ ಇರಲಾರದು. ಉಳಿದವುಗಳಿಂದ ಬೆಂಚು, ಕಪಾಟು, ತೊಟ್ಟಿಲಾದರೂ ಆಗಲಿ. ಹಾಗೆಂದು ಕೆತ್ತನೆಯ ಇಡೀ ಬಾಗಿಲನ್ನು ಕೊಯ್ದು ಟೀಪಾಯಿ ಮಾಡಿಕೊಡಿ ಎಂದವರಿಗೆ ನಾನು ಒಲ್ಲೆ ಎಂದಿದ್ದೇನೆ. ಬಾಗಿಲು ಇಡಿಯಾಗಿದ್ದರೆ ಅದು ಬಾಗಿಲಾಗಿಯೇ ಇರಬೇಕು.

ನನ್ನ ದಾರಂದದ ಕೂಟ ಬಿಚ್ಚಿದಾಗ ಒಳಗೆ ಉಳಿಯಿಂದ ಎಳೆದ ಎರಡು ಗೀಟು ಕಂಡವು. ಅದಕ್ಕೆ ಸೇರುವ ತುಂಡಿನಲ್ಲೂ ಎರಡೇ ಗೀಟು. ಇನ್ನೊಂದು ಮೂಲೆಯಲ್ಲಿ ಮೂರಕ್ಕೆ ಮೂರು. ಯಾವುದು ಯಾವುದಕ್ಕೆ ಸೇರಬೇಕೆಂದು ಅಂದಿನ ಆಚಾರಿ ಬರೆದಿಟ್ಟಿದ್ದ.

ಉಡುಪಿ, ಕಾಪು, ಕಾರ್ಕಳದ ಕಡೆ ಹಳೆ ಮನೆ ಕೆಡವಲು ದಿನ ಗೊತ್ತುಮಾಡಿದವರಿದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಡಬ್ಬಿ ಬಿಳಿ ಬಣ್ಣ ತನ್ನಿ. ಕಂಬ, ಪಕ್ಕಾಸು, ದಾರಂದ, ಪ್ರತಿಯೊಂದಕ್ಕೂ ಅಂಕಿ ಬರೆದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೊದಲು ಹಂಚು ಇಳಿಸಿ, ಆಮೇಲೆ ರೀಪು, ಪಕ್ಕಾಸು, ಕೊನೆಗೆ ಕಂಬ. ಬಿಚ್ಚಿದ ಮರವನ್ನು ನೆಲಕ್ಕೆ ತಾಗಿಸಬೇಡಿ, ಒರಲೆ ಹತ್ತುತ್ತದೆ. ಕಲ್ಲಿನ ಮೇಲೆ ಅಟ್ಟಿ ಹಾಕಿ, ಮೇಲೆ ಸೋಗೆ ಹೊದಿಸಿ. ಗೋಡೆ ಕೆಡವಲು ಜೆಸಿಬಿ ಅದಾದ ಮೇಲೆ ಬರಲಿ.