ಡಬ್ಬಿಯ ಮೇಲಿನ 24 ಗ್ರಾಂ

‘ಜಿಮ್‌ಗೆ ಹೋಗುವ ಮಗ ವ್ಹೇ ಪ್ರೋಟೀನ್ ಡಬ್ಬಿ ತಂದಿದ್ದಾನೆ. ಒಂದು ಸ್ಕೂಪಿಗೆ 24 ಗ್ರಾಂ ಪ್ರೋಟೀನ್ ಅಂತ ಬರೆದಿದೆ. ನಂಬಬಹುದಾ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಪುಡಿ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾಮೂಲಿ ಪ್ರಶ್ನೆಗಿಂತ ಇದು ಚುರುಕಾದ ಪ್ರಶ್ನೆ.

ಚೀಸ್ ಮಾಡಲು ಹಾಲು ಒಡೆಸಿದಾಗ ಬೇರೆಯಾಗುವ ತಿಳಿನೀರೇ ವ್ಹೇ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 20ರಷ್ಟು ಅದರಲ್ಲಿರುತ್ತದೆ. ಪಾಶ್ಚಾತ್ಯ ಚೀಸ್ ಕಾರ್ಖಾನೆಗಳು ಒಂದು ಕಾಲದಲ್ಲಿ ಅದನ್ನು ಹಂದಿಗಳಿಗೆ ಕುಡಿಸುತ್ತಿದ್ದವು, ಇಲ್ಲವೇ ಹೊಳೆಗೆ ಬಿಡುತ್ತಿದ್ದವು. 1970ರ ದಶಕದಲ್ಲಿ ಸೂಕ್ಷ್ಮ ಪೊರೆಗಳಲ್ಲಿ ಸೋಸುವ ತಂತ್ರ ಬಳಕೆಗೆ ಬಂದ ಮೇಲೆ ಪ್ರೋಟೀನನ್ನು ಹಿಡಿದಿಟ್ಟು ಒಣಗಿಸುವುದು ಸುಲಭವಾಯಿತು. ಈ ಪ್ರೋಟೀನ್ ಬೇಗ ಜೀರ್ಣವಾಗುತ್ತದೆ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೊ ಆಮ್ಲವೂ ಇದರಲ್ಲಿ ಧಾರಾಳ.

ಹಾಗಾದರೆ ಆ 24 ಬಂದದ್ದು ಎಲ್ಲಿಂದ? ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಿಂದ. ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯಲು ಅಲ್ಲಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಒಂದು ವಿಧಾನ ಪ್ರಕಟಿಸಿದ. ಉದ್ದ ಕತ್ತಿನ ಗಾಜಿನ ಬುರುಡೆಯಲ್ಲಿ ಮಾದರಿಯನ್ನು ಹಾಕಿ, ಗಂಧಕಾಮ್ಲ ಸುರಿದು ಕುದಿಸಬೇಕು. ಮೊದಲು ಕಪ್ಪಗೆ ಕರಕಲಾಗುವ ದ್ರವ, ಬಿಡದೆ ಕಾಯಿಸಿದರೆ ತಿಳಿಯಾಗುತ್ತದೆ. ಅಷ್ಟರಲ್ಲಿ ಪ್ರೋಟೀನಿನ ಸಾರಜನಕವೆಲ್ಲ ಅಮೋನಿಯಂ ಲವಣವಾಗಿರುತ್ತದೆ. ಅದಕ್ಕೆ ಕ್ಷಾರ ಬೆರೆಸಿ, ಹೊರಬರುವ ಅಮೋನಿಯವನ್ನು ಹಿಡಿದು ಅಳೆಯಬೇಕು. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16. ಆದ್ದರಿಂದ ಸಿಕ್ಕಿದ ಸಾರಜನಕದ ತೂಕವನ್ನು 6.25ರಿಂದ, ಹಾಲಿನ ಪದಾರ್ಥವಾದರೆ 6.38ರಿಂದ, ಗುಣಿಸಿದರೆ ಮುಗಿಯಿತು.

ಬಹಳ ಚೆಂದದ ವಿಧಾನ. ಆದರೆ ಅದು ಪ್ರೋಟೀನನ್ನು ನೋಡುವುದೇ ಇಲ್ಲ! ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿ ಎಣಿಸಿ ಒಳಗೆ ಎಷ್ಟು ಜನರಿದ್ದಾರೆ ಎಂದು ಹೇಳಿದಂತೆ. ಯಾರಾದರೂ ಮೂಟೆಗಟ್ಟಲೆ ಹಳೇ ಚಪ್ಪಲಿ ತಂದು ಸುರಿದರೆ ಒಳಗೆ ಖಾಲಿ, ಹೊರಗೆ ಜಾತ್ರೆ. ಚೀನಾದಲ್ಲಿ ಆದದ್ದೂ ಇದೇ: ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಸುರಿದರು. ಅದರ ತೂಕದ ಮೂರರಲ್ಲಿ ಎರಡು ಪಾಲು ಸಾರಜನಕ. ಒಂದು ಗ್ರಾಂ ಬೆರೆಸಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂ ಪ್ರೋಟೀನಿನಂತೆ ಕಾಣುತ್ತದೆ. 2008ರಲ್ಲಿ ಆ ವಂಚನೆ ಬಯಲಾಗುವಷ್ಟರಲ್ಲಿ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದಿದ್ದರು, ಆರು ಕೂಸುಗಳು ಸತ್ತವು.

ಜಿಮ್ ಪುಡಿಗಳಲ್ಲಿ ನಡೆಯುವ ಕೈಚಳಕ ಅಷ್ಟು ಕ್ರೂರವಲ್ಲ. ಅಲ್ಲಿ ಬೆರೆಸುವುದು ಸಾರಜನಕವಿರುವ ಗ್ಲೈಸಿನ್, ಟೌರಿನ್‌ನಂಥ ಅಗ್ಗದ ಪದಾರ್ಥಗಳನ್ನು. ವಿಷವೇನಲ್ಲ, ಆದರೆ ವ್ಹೇ ಬೆಲೆ ಕೊಟ್ಟವನಿಗೆ ಮೋಸ. 2024ರಲ್ಲಿ ಕೇರಳದ ವೈದ್ಯರು ಮುಂದೆ ನಿಂತು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆಗೆ ಕಳಿಸಿದಾಗ ಸುಮಾರು ಶೇ. 70ರಷ್ಟರಲ್ಲಿ ಡಬ್ಬಿಯ ಲೆಕ್ಕಕ್ಕೂ ಒಳಗಿನ ಪ್ರೋಟೀನಿಗೂ ತಾಳೆಯಾಗಲಿಲ್ಲ. ಸ್ನಾಯುವಿನ ಆಸೆಗೆ ಮಕ್ಕಳು ಸಾವಿರಾರು ರೂಪಾಯಿ ಸುರಿಯುವ ಈ ದೇಶದಲ್ಲಿ ಇದು ನನಗೆ ಸಿಟ್ಟು ತರಿಸುವ ಸಂಗತಿ.

ಇನ್ನು ಡಬ್ಬಿ ತಿರುಗಿಸಿ ಅಮೈನೊ ಆಮ್ಲಗಳ ಪಟ್ಟಿ ನೋಡಿ. 24 ಗ್ರಾಂ ನಿಜವಾದ ವ್ಹೇ ಪ್ರೋಟೀನಿನಲ್ಲಿ ಲ್ಯೂಸಿನ್ ಎರಡೂವರೆ ಗ್ರಾಂ ಆಸುಪಾಸಿನಲ್ಲಿರಬೇಕು. ತೀರಾ ಕಡಿಮೆಯಿದ್ದರೆ, ಅಥವಾ ಪದಾರ್ಥಗಳ ಸಾಲಿನಲ್ಲಿ ಗ್ಲೈಸಿನ್, ಟೌರಿನ್ ಹೆಸರು ಬೇರೆಯಾಗಿ ಕಂಡರೆ, 24ರಲ್ಲಿ ಅವುಗಳ ಪಾಲೆಷ್ಟು ಎಂದು ಕಂಪನಿಯನ್ನು ಕೇಳಿ. ಅಮೈನೊ ಆಮ್ಲಗಳ ಪಟ್ಟಿಯನ್ನೇ ಕೊಡದ ಡಬ್ಬಿಯನ್ನು ಮಗ ಮುಂದಿನ ಸಲ ಅಂಗಡಿಯಲ್ಲೇ ಬಿಟ್ಟು ಬರಲಿ.