ಅರಸೀಕೆರೆಯಲ್ಲಿ ಕೂಡಿದ ಲೆಕ್ಕ

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿರುವ ಹೊಯ್ಸಳರ ಕಾಲದ ಕಲ್ಯಾಣಿಯನ್ನೂ ಅದರ ಮೆಟ್ಟಿಲುಗಳ ನಡುವಣ ಪುಟ್ಟ ಪುಟ್ಟ ಗುಡಿಗಳನ್ನೂ ಕಣ್ತುಂಬ ಕಾಣಬೇಕೆಂದು ಹಿಂದಿನ ತಲೆಮಾರಿನಲ್ಲಿ ದೂರದೂರುಗಳಿಂದ ಹೊರಟವರು ಬಾಣಾವರದಲ್ಲೋ ಅರಸೀಕೆರೆಯಲ್ಲೋ ರೈಲಿಳಿದು, ಎರಡೂಕಾಲು ಅಂಗುಲ ಉದ್ದದ ರಟ್ಟಿನ ಟಿಕೆಟ್ಟನ್ನು ಬಾಗಿಲಲ್ಲಿ ಒಪ್ಪಿಸಿ, ಮುಂದಿನ ದಾರಿಗೆ ಎತ್ತಿನ ಗಾಡಿಯನ್ನೋ ಮೋಟಾರನ್ನೋ ಗೊತ್ತುಮಾಡಿಕೊಳ್ಳುತ್ತಿದ್ದರು. ಉಗಿಯಂತ್ರವನ್ನೂ ಸೇತುವೆಗಳನ್ನೂ ಕೊಂಡಾಡಿದವರು ಬಹಳ ಮಂದಿ. ಊರನ್ನು ಊರಿಗೆ ಕೂಡಿಸುವುದರಲ್ಲಿ ಅವುಗಳಷ್ಟೇ ದುಡಿದ ಈ ರಟ್ಟಿನ ತುಣುಕನ್ನು ನೆನೆಯುವವರು ವಿರಳ.

ಅದನ್ನು ರೂಪಿಸಿದವನು ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್. ಮೇಜು ಬೀರುಗಳನ್ನು ಮಾಡುವ ಮರಗೆಲಸದಲ್ಲಿ ಪಳಗಿದ ಈತ ವ್ಯಾಪಾರದಲ್ಲಿ ದಿವಾಳಿಯಾಗಿ, 1836ರಲ್ಲಿ ನ್ಯೂಕ್ಯಾಸಲ್–ಕಾರ್ಲೈಲ್ ಮಾರ್ಗದ ಮಿಲ್ಟನ್ ಎಂಬ ಸಣ್ಣ ನಿಲ್ದಾಣದ ಮೇಲ್ವಿಚಾರಣೆಗೆ ನಿಂತನು. ಒಬ್ಬೊಬ್ಬ ಪ್ರಯಾಣಿಕನಿಗೂ ಕೈಯಾರೆ ಚೀಟಿ ಬರೆದುಕೊಡುವ ಕಾಲಹರಣಕ್ಕೆ ಬೇಸತ್ತು, ಊರಿನ ಹೆಸರನ್ನು ಮೊದಲೇ ಅಚ್ಚುಹಾಕಿದ, ಅನುಕ್ರಮ ಸಂಖ್ಯೆಯುಳ್ಳ ರಟ್ಟಿನ ಟಿಕೆಟ್ಟುಗಳನ್ನೂ, ಅವುಗಳನ್ನು ಒಂದರ ಮೇಲೊಂದು ಜೋಡಿಸಿಡುವ ಗೂಡುಗಳನ್ನೂ, ತಾರೀಖು ಒತ್ತುವ ಯಂತ್ರವನ್ನೂ ಆತನು ಕಲ್ಪಿಸಿದನು. ಸಂಜೆ ಗುಮಾಸ್ತನು ಪ್ರತಿ ಗೂಡಿನಲ್ಲಿ ಮುಂದೆ ಮಾರಬೇಕಾದ ಟಿಕೆಟ್ಟಿನ ಮೇಲಿನ ಸಂಖ್ಯೆಯಿಂದ ಬೆಳಗಿನ ಸಂಖ್ಯೆಯನ್ನು ಕಳೆದು ದರದಿಂದ ಗುಣಿಸಿದರೆ, ಪೆಟ್ಟಿಗೆಯಲ್ಲಿರಬೇಕಾದ ಹಣ ಕಾಸು ಬಿಡದೆ ತಿಳಿಯುತ್ತಿತ್ತು. ಈ ಸಂಖ್ಯೆಯೇ ಅವನ ಪ್ರತಿಭೆಯ ತಿರುಳು.

ಕಂಪನಿಗಳು ಹಲವಾದಾಗ ಇನ್ನೊಂದು ತೊಡಕು ತಲೆದೋರಿತು. ಒಬ್ಬರ ಹಳಿಯಿಂದ ಇನ್ನೊಬ್ಬರ ಹಳಿಗೆ ಹೋಗುವವನು ಒಂದೇ ಟಿಕೆಟ್ಟು ಕೊಂಡರೆ ಆ ಹಣ ಯಾರದು? 1842ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ರೈಲ್ವೆ ಕ್ಲಿಯರಿಂಗ್ ಹೌಸ್, ಕ್ರಮಿಸಿದ ಮೈಲಿಗಳಿಗನುಸಾರವಾಗಿ ಅದನ್ನು ಹಂಚುವ ಪದ್ಧತಿಯನ್ನು ನೆಲೆಗೊಳಿಸಿತು. ನಮ್ಮ ಅರಸೀಕೆರೆಯೂ ಇಬ್ಬರ ಹಳಿಗಳು ಕೂಡುವ ಅಂತಹುದೇ ಒಂದು ಸಂಗಮ. 1889ರ ವೇಳೆಗೆ ಹರಿಹರದವರೆಗೆ ಮುಂದುವರಿದ ಬೆಂಗಳೂರಿನ ಮಾರ್ಗವನ್ನು ನಡೆಸುತ್ತಿದ್ದುದು ಸದರ್ನ್ ಮರಾಠಾ ಕಂಪನಿ. 1918ರಲ್ಲಿ ಮೈಸೂರಿನಿಂದ ಹಾಸನದ ಮೇಲೆ ಬಂದು ಕೂಡಿದ ಮಾರ್ಗವಾದರೋ ಮೈಸೂರು ಸಂಸ್ಥಾನದ್ದು. ಹಾಸನದಲ್ಲಿ ಹುಬ್ಬಳ್ಳಿಗೆ ಟಿಕೆಟ್ಟು ಕೊಂಡವನು ಅರಸೀಕೆರೆಯಲ್ಲಿ ಗಾಡಿ ಬದಲಿಸುವಾಗ, ತನ್ನ ಹಣ ಇಬ್ಬರು ಒಡೆಯರಿಗೆ ಹಂಚಿಹೋಗುವುದನ್ನು ಅರಿಯಬೇಕಾಗಿಯೇ ಇರಲಿಲ್ಲ; ಆ ನಿಶ್ಚಿಂತೆಯನ್ನು ನಾನು ಸಣ್ಣ ಸಾಧನೆಯೆಂದು ಎಣಿಸಲಾರೆ. 1938ರಲ್ಲಿ ಹರಿಹರದ ಮಾರ್ಗವೂ ಸಂಸ್ಥಾನದ ಕೈಸೇರಿತು. 1951ರಲ್ಲಿ ಎಲ್ಲವೂ ದಕ್ಷಿಣ ರೈಲ್ವೆಯಲ್ಲಿ ಲೀನವಾದವು. ಗಣಕಯಂತ್ರ ಬಂದ ಮೇಲೆ ರಟ್ಟಿನ ಟಿಕೆಟ್ಟೂ ಹಿಂದೆ ಸರಿಯಿತು.

ಆದರೆ ಹಳಿಗೂ ರಸ್ತೆಗೂ ನಡುವಣ ಲೆಕ್ಕ ಮಾತ್ರ ಕೂಡಲಿಲ್ಲ. ಬೇಲೂರು ಹಳೇಬೀಡುಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆದರೂ ಅವುಗಳನ್ನು ಕಾಣಲು ಬಾಣಾವರದಲ್ಲಿ ರೈಲಿಳಿದವನು ಬಸ್ಸಿನಲ್ಲಿ ಬೇರೆ ಟಿಕೆಟ್ಟು ಕೊಳ್ಳಲೇಬೇಕು. ರೈಲಿಗೂ ಬಸ್ಸಿಗೂ ಸಲ್ಲುವ, ಹಳೇಬೀಡಿನ ಹೆಸರನ್ನೇ ಅಚ್ಚೊತ್ತಿದ ಒಂದು ಟಿಕೆಟ್ಟು ಈ ದಾರಿಗೆ ಬರಬೇಕೆಂಬುದು ನನ್ನ ಬಹುದಿನದ ಆಸೆ.