ಕತ್ತೆ ಹೋಗಿ ಕತೆಯಾಯಿತು!

ಮಕ್ಕಳೇ, ಒಂದು ಒಗಟು. ಕತ್ತೆಯನ್ನು ಮುಟ್ಟದೆ, ಮಂತ್ರ ಹಾಕದೆ ಕತೆಯನ್ನಾಗಿ ಮಾಡುವುದು ಹೇಗೆ? ಉತ್ತರ ಸುಲಭ. ಅದರ ಕಾಲಡಿಯ ಒತ್ತಕ್ಷರ ಅಳಿಸಿದರೆ ಸಾಕು! ಹಾಗೆಯೇ ಹಳ್ಳಿಯ ಒತ್ತು ಹೋದರೆ ರೈಲು ಓಡುವ ಹಳಿ. ‘ಧ’ ಅಕ್ಷರದ ಕೆಳಗಿನ ಸಣ್ಣ ಸೀಳು ಕಾಣದಿದ್ದರೆ ಪೆಟ್ಟಿಗೆಯಲ್ಲಿನ ಧನ ಹಟ್ಟಿಯ ದನವಾಗುತ್ತದೆ.

ಕಾಗದದ ಪುಸ್ತಕದಲ್ಲಿ ಇಂಥ ಜಾದೂ ಅಪರೂಪ. ಮೊಬೈಲು, ಟ್ಯಾಬುಗಳಲ್ಲಿ ಓದುವ ಇ-ಪುಸ್ತಕಗಳಲ್ಲಿ ಮಾತ್ರ ಆಗಾಗ ನಡೆಯುತ್ತದೆ. ಅದರಿಂದ ಹೆಚ್ಚು ಕಷ್ಟಪಡುವವರು ನಿಮ್ಮ ಮನೆಯ ಅಜ್ಜ ಅಜ್ಜಿಯರು.

ನಾನು ಹುಮನಾಬಾದಿನವನು, ನಿವೃತ್ತ ಕನ್ನಡ ಮಾಸ್ತರ. ನನ್ನ ಅಕ್ಕ ಇರುವುದು ಪಕ್ಕದ ತಾಲ್ಲೂಕು ಬಸವಕಲ್ಯಾಣದಲ್ಲಿ. ವಯಸ್ಸು 80 ದಾಟಿದೆ. ಆಕೆ ಶಾಲೆಗೆ ಹೋಗುವಾಗ ನಮ್ಮ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಶಾಲೆಯಲ್ಲಿ ಉರ್ದು ಕಲಿತ ಅಕ್ಕನಿಗೆ ಕನ್ನಡ ಅಕ್ಷರ ಕಲಿಸಿದವರು ಅಪ್ಪ, ಮನೆಯ ಪಡಸಾಲೆಯಲ್ಲಿ, ವಚನಗಳನ್ನು ಓದಿಸುತ್ತ. ಹಾಗೆ ಕಲಿತ ಓದನ್ನು ಆಕೆ ಇಂದಿಗೂ ಬಿಟ್ಟವಳಲ್ಲ.

ಕಣ್ಣಿನ ಪೊರೆ ತೆಗೆಸಿದ ಮೇಲೂ ಅಚ್ಚಿನ ಸಣ್ಣ ಅಕ್ಷರ ಅಕ್ಕನಿಗೆ ಸರಿಯಾಗಿ ಕಾಣಲಿಲ್ಲ. ಮೊಮ್ಮಗ ಒಂದು ಟ್ಯಾಬ್ ತಂದ. “ಆಯಿ, ಇದ್ರಾಗ ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೋಬಹುದು” ಎಂದು ನಾಲ್ಕು ಪುಸ್ತಕ ಹಾಕಿಕೊಟ್ಟ. ವಾರದೊಳಗೆ ಟ್ಯಾಬ್ ಗೋಡೆಯ ಗೂಡು ಸೇರಿತು. ನಾನು ಹೋದಾಗ ಅಕ್ಕ ಹೇಳಿದ್ದು ಇಷ್ಟೇ: “ಈ ಊರಾಗ ಇದ್ದು ವಚನ ಓದ್ಲಾಕ ಆಗಲ್ಲಂದ್ರ ಹ್ಯಾಂಗೋ ತಮ್ಮ?”

ಅನುಭವ ಮಂಟಪದ ಊರಿನಲ್ಲಿ ಕೇಳಿದ ಆ ಮಾತು ನನಗೆ ನಾಟಿತು. “ಮುತ್ಯಾ, ಟ್ಯಾಬ್ ಕೆಟ್ಟದೇನು?” ಎಂದ ಹುಡುಗ. ಟ್ಯಾಬ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಪುಸ್ತಕ ಕಟ್ಟಿದ ರೀತಿ. ಇಬ್ಬರೂ ಕೂತು ನಾಲ್ಕನ್ನೂ ಪರೀಕ್ಷೆ ಮಾಡಿದೆವು.

ನಾಲ್ಕು ಪುಸ್ತಕ, ನಾಲ್ಕು ರೋಗ

ಮೊದಲನೆಯದರಲ್ಲಿ ಕನ್ನಡವೇ ಇರಲಿಲ್ಲ. ಪುಟದ ತುಂಬ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು! ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದರು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಮನೆ, ಕಚೇರಿಗಳಿಗೆ ಕನ್ನಡ ತಂದುಕೊಟ್ಟವು. ಆ ಉಪಕಾರ ದೊಡ್ಡದು. ಆದರೆ ಹಳೆಯ ಕ್ರಮದಲ್ಲಿ ಟೈಪ್ ಮಾಡಿದ್ದನ್ನು ಅದೇ ಫಾಂಟ್ ಇಲ್ಲದ ಕಡೆ ತೆರೆದರೆ ಒಳಗಿನ ಇಂಗ್ಲಿಷ್ ಇಣುಕುತ್ತದೆ. ಇದಕ್ಕೆ ಮದ್ದು ಯೂನಿಕೋಡ್. 1991ರಿಂದಲೇ ಅದರಲ್ಲಿ ಕನ್ನಡಕ್ಕೆ 128 ಕೋಣೆಗಳ ಸ್ವಂತ ಮನೆ ಇದೆ. ಅಲ್ಲಿ ‘ಕ’ಗೆ ಜಗತ್ತಿನ ಎಲ್ಲ ಯಂತ್ರಗಳಲ್ಲೂ ಒಂದೇ ಸಂಖ್ಯೆ. ಇಂದಿನ ನುಡಿ, ಬರಹಗಳಲ್ಲೂ ಈ ಸೌಕರ್ಯ ಇದೆ.

ಎರಡನೆಯದು ಹಳೆಯ ಪುಸ್ತಕದ ಪುಟಗಳ ಫೋಟೋ, ಅಂದರೆ ಪಿಡಿಎಫ್. ಹಿಗ್ಗಿಸಿದರೆ ಸಾಲಿನ ಅರ್ಧ ತೆರೆಯ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಅತ್ತಿತ್ತ ಎಳೆಯಬೇಕು. ಇ-ಪಬ್ ಎಂಬ ಬಗೆಯ ಪುಸ್ತಕ ಹಾಗಲ್ಲ. ನೀರು ಪಾತ್ರೆಯ ಆಕಾರ ತಾಳುವಂತೆ, ಅಕ್ಷರ ದೊಡ್ಡದಾದಾಗ ಸಾಲು ತಾನೇ ಕೆಳಗಿಳಿದು ತೆರೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ.

ಮೂರನೆಯದರಲ್ಲಿ ಸಾಲುಗಳ ನಡುವೆ ಜಾಗವೇ ಇಲ್ಲ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನಡೆಯುವ ಮಕ್ಕಳಂತೆ. ನಮ್ಮ ಅಕ್ಷರಕ್ಕೋ ಮಹಡಿ ಇದೆ, ನೆಲಮಾಳಿಗೆಯೂ ಇದೆ! ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’, ‘ಲಕ್ಷ್ಮಿ’ ಬರೆದು ನೋಡಿ, ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಇಂಗ್ಲಿಷಿನ ಅಳತೆಯಲ್ಲಿ ಸಾಲು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ, ಇಲ್ಲವೇ ಕತ್ತರಿಸಿ ಹೋಗುತ್ತದೆ. ಕತ್ತೆ ಕತೆಯಾಗುವುದು ಇಲ್ಲೇ. ಇನ್ನು ಕೆಲವೆಡೆ ತಂತ್ರಾಂಶಕ್ಕೆ ಒತ್ತು ಕೂರಿಸಲು ಬಾರದೆ, ‘ಅಕ್ಕ’ ಎಂಬುದು ‘ಅ’, ಅರ್ಧ ‘ಕ್’, ಇನ್ನೊಂದು ‘ಕ’ ಆಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ.

ನಾಲ್ಕನೆಯದರಲ್ಲಿ ಅಕ್ಷರ ಚೆನ್ನಾಗಿತ್ತು, ಜೋಡಣೆ ಕೆಟ್ಟಿತ್ತು. ವಚನದ ಸಾಲು ಉಸಿರು ನಿಲ್ಲುವಲ್ಲಿ ನಿಲ್ಲಬೇಕು. ಕೊನೆಯಲ್ಲಿ ಅಂಕಿತ ಎದ್ದು ಕಾಣಬೇಕು: ಬಸವಣ್ಣನವರ ಕೂಡಲಸಂಗಮದೇವ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿನ ಗುಹೇಶ್ವರ. ಇಲ್ಲಿ ಎಲ್ಲವನ್ನೂ ಒಂದೇ ಗದ್ಯದಂತೆ ಸುರಿದಿದ್ದರು. ಒಬ್ಬರ ಅಂಕಿತದ ಬೆನ್ನಿಗೇ ಇನ್ನೊಬ್ಬರ ಮಾತು ಶುರು. ಯಾರು ಹೇಳಿದ್ದೆಂದು ತಿಳಿಯುವುದು ಹೇಗೆ?

ಮನೆ ಮಾರಿ ಅಚ್ಚು ಹಾಕಿಸಿದವರು

ವಚನಗಳು ನಮಗೆ ಸುಮ್ಮನೆ ಸಿಕ್ಕಿಲ್ಲ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು (1880–1964) ಮನೆ ಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿದರು. ಪದಗಳ ನಡುವೆ ಜಾಗವಿಲ್ಲದ ಆ ಬರಹವನ್ನು ಬಿಡಿಸಿ ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಮುಂದೆ ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. ಅವರು ಬಿಡಿಸಿಕೊಟ್ಟ ಸಾಲುಗಳನ್ನು ನಾವು ಮತ್ತೆ ಗೋಜಲು ಮಾಡಬಾರದಲ್ಲವೇ? ಒಳ್ಳೆಯ ಮಾದರಿಯೂ ನಮ್ಮಲ್ಲಿದೆ. ‘ವಚನ ಸಂಚಯ’ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ಯೂನಿಕೋಡಿನಲ್ಲಿವೆ. ಒಂದು ಪದ ಕೊಟ್ಟರೆ ಅದು ಬರುವ ವಚನಗಳನ್ನು ಹುಡುಕಿ ಕೊಡುತ್ತದೆ.

ಮೊಮ್ಮಕ್ಕಳಿಗೆ ಕೆಲಸ

ಪುಸ್ತಕ ಕೊಳ್ಳುವ ಮುನ್ನ ಮಾದರಿ ಪುಟ ತೆರೆದು ಒತ್ತಕ್ಷರಗಳನ್ನು ನೋಡಿ. ಒಂದು ಪದ ಹುಡುಕಿ; ಸಿಕ್ಕರೆ ಅದು ನಿಜವಾದ ಅಕ್ಷರ, ಫೋಟೋ ಅಲ್ಲ. ಎರಡೂ ಬಗೆ ಸಿಗುವುದಾದರೆ ಇ-ಪಬ್ ಆರಿಸಿ. ಓದುವ ಆ್ಯಪಿನಲ್ಲಿ ಅವಕಾಶವಿದ್ದರೆ ಸಾಲುಗಳ ಅಂತರ ಹೆಚ್ಚಿಸಿ, ಫಾಂಟ್ ಬದಲಿಸಿ. ಗುಬ್ಬಿ, ನವಿಲು, ಕೇದಗೆ, ಬೆಣ್ಣೆ, ಹುಬ್ಬಳ್ಳಿ: ಇವೆಲ್ಲ ಕನ್ನಡ ಫಾಂಟುಗಳ ಹೆಸರು! ಯಾವುದು ಹಿತವೆಂದು ಅಜ್ಜಿಯನ್ನೇ ಕೇಳಿ. ಕಣ್ಣು ತೀರ ಸೋತವರಿಗೆ ಯೂನಿಕೋಡ್ ಪುಸ್ತಕವನ್ನು ಫೋನೇ ಗಟ್ಟಿಯಾಗಿ ಓದಿ ಹೇಳಬಲ್ಲದು.

ಅಕ್ಕನ ಟ್ಯಾಬ್ ಈಗ ಗೂಡಿನಿಂದ ಇಳಿದಿದೆ. ಹುಡುಗ ಹುಡುಕಿ ತಂದ ಇ-ಪಬ್ ಪುಸ್ತಕದಲ್ಲಿ ಒಂದು ತೆರೆಗೆ ಆರೇ ಸಾಲು. ಆದರೆ ಆರೂ ಸಾಲನ್ನು ಆಕೆ ಯಾರ ಹಂಗಿಲ್ಲದೆ ಓದುತ್ತಾಳೆ.

ಪ್ರಕಾಶಕರಲ್ಲಿ ನನ್ನದೊಂದು ವಿನಂತಿ. ಇ-ಪುಸ್ತಕ ಮಾರಾಟಕ್ಕೆ ಇಡುವ ಮೊದಲು 70 ದಾಟಿದ ಒಬ್ಬರ ಕೈಗೆ ಕೊಟ್ಟು ಒಂದು ಪುಟ ಓದಿಸಿ. ಅವರು ತಡವರಿಸಿದ ಜಾಗವನ್ನೆಲ್ಲ ತಿದ್ದಿ. ಆಮೇಲೆ ಬೆಲೆ ಹಚ್ಚಿರಿ.